ಸೂಜಿಯ ನೆರೆಹೊರೆ

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಆಹ್ವಾನ ಪತ್ರಿಕೆ ಹಂಚಿದ ಮರುದಿನ ನನಗೆ ಎರಡು ಫೋನ್ ಬಂದವು. ಮೊದಲನೆಯದು ಪರಿಚಯದ ಅಕ್ಯುಪಂಕ್ಚರ್ ಚಿಕಿತ್ಸಕರೊಬ್ಬರದು. “ಮೇಡಂ, ನಮ್ಮನ್ನ ಬಯ್ಯಾಕಂತ ಭಾಷಣ ಇಟ್ಕೊಂಡೀರೇನ್ರಿ?” ಎಂದರು. ಎರಡನೆಯದು ನನ್ನೊಡನೆ ಮೂವತ್ತು ವರ್ಷ ದುಡಿದ ಸರ್ಜನ್‌ರದು. “ಬಾಯಾರ, ಸೂಜಿ ಮಂದಿನ್ನ ಈ ಸಲ ಬರೋಬ್ಬರಿ ತರಾಟೆಗೆ ತಗೊಳ್ರಿ” ಎಂದರು. ಇಬ್ಬರಿಗೂ ಬರ್ರಿ ಎಂದೆ. ಇಬ್ಬರೂ ಬಂದಿದ್ದಾರೆ, ಬೇರೆ ಬೇರೆ ಸಾಲಿನಲ್ಲಿ ಕುಳಿತಿದ್ದಾರೆ. ಸರ್ಜನ್ ಸಾಹೇಬರಿಗೆ ಈಗಲೇ ಹೇಳಿಬಿಡುತ್ತೇನೆ, ನಡುವೆ ಒಂದು ತುತ್ತು ನಿಮ್ಮ ಎಲೆಗೂ ಬೀಳುವುದಿದೆ.

ಸೂಜಿ ಚುಚ್ಚಿಸಿಕೊಂಡರೆ ಮೊಣಕಾಲು ನೋವು ಹೋಗುತ್ತದೆಯೇ, ಹೋದರೆ ಯಾವ ದಾರಿಯಿಂದ ಹೋಗುತ್ತದೆ ಎಂಬ ಚರ್ಚೆಗೆ ನಾನು ಇಂದು ಇಳಿಯುವುದಿಲ್ಲ. ನಾನು ಸೂಕ್ಷ್ಮಜೀವಿಶಾಸ್ತ್ರ ಕಲಿಸಿದವಳು. ರೋಗಿಯ ಕೀವು, ಕಫ, ರಕ್ತ ನನ್ನ ಮೇಜಿಗೆ ಬರುತ್ತಿದ್ದವು. ರೋಗಿಯ ಮುಖ ನೋಡಿದ್ದು ಕಡಿಮೆ. ಕೀವಿನ ಬಾಟಲಿಯ ಮೇಲೆ ಹೆಸರು, ವಯಸ್ಸು, ವಾರ್ಡು ಬರೆದಿರುತ್ತಾರೆ. ಯಾವ ಪದ್ಧತಿಯ ವೈದ್ಯರ ಕೈಯಿಂದ ಆ ಕೀವು ಹುಟ್ಟಿತೆಂದು ಯಾರೂ ಬರೆಯುವುದಿಲ್ಲ. ಕ್ರಿಮಿಗೂ ಅದು ಬೇಕಾಗಿಲ್ಲ.

ಈ ವಿಷಯ ನನ್ನ ತಲೆ ಹೊಕ್ಕದ್ದು ನನ್ನದೇ ಮೊಣಕಾಲಿನಿಂದ. ನಿವೃತ್ತಿಯಾದ ಮೇಲೆ ಮೆಟ್ಟಿಲು ಇಳಿಯುವುದು ಕಷ್ಟವಾಯಿತು. ಗೆಳತಿಯೊಬ್ಬರ ಒತ್ತಾಯಕ್ಕೆ ಒಂದು ಸಣ್ಣ ಚಿಕಿತ್ಸಾಲಯಕ್ಕೆ ಹೋದೆ. ಹೆಸರು ಬೇಡ. ಸ್ವಚ್ಛವಾದ ಜಾಗ, ನೆಲ ಫಳಫಳ ಹೊಳೆಯುತ್ತಿತ್ತು, ಊದುಬತ್ತಿ ಹಚ್ಚಿದ್ದರು. ಹಸನ್ಮುಖಿ ಹುಡುಗಿಯೊಬ್ಬಳು ನನ್ನೆದುರಿಗೇ ಹೊಸ ಸೂಜಿಯ ಪ್ಯಾಕು ಹರಿದಳು. ಭೇಷ್ ಎಂದುಕೊಂಡೆ. ಆಮೇಲೆ ಅವಳು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು, ಎರಡು ಬೆರಳು ಒಳಗಿಳಿಸಿ, ಸ್ಪಿರಿಟ್‌ನಲ್ಲಿ ನೆನೆದ ಹತ್ತಿಯ ಉಂಡೆಯೊಂದನ್ನು ಎತ್ತಿ, ಹಿಂಡಿ, ನನ್ನ ಮೊಣಕಾಲು ಒರೆಸಿದಳು. ಹಿಂಡಿದ ಸ್ಪಿರಿಟ್ ಡಬ್ಬಿಗೇ ಮರಳಿತು.

“ಈ ಡಬ್ಬಿ ಯಾವಾಗ ತೊಳಿತೀಯವ್ವಾ?” ಎಂದು ಕೇಳಿದೆ.

“ತೊಳಿಯೋದ್ಯಾಕ್ರಿ ಮೇಡಂ, ಸ್ಪಿರಿಟ್ ಐತೆಲ್ಲ. ಕಡಿಮಿ ಆದಂಗ ಹಾಕ್ತೀವ್ರಿ.”

ಮನೆಯಲ್ಲಿ ಮೊಸರಿಗೆ ಹೆಪ್ಪು ಹಾಕುವವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಿನ್ನೆಯ ಮೊಸರಿನ ಒಂದು ಚಮಚ ಇಂದಿನ ಹಾಲಿಗೆ ಬಿದ್ದರೆ ನಾಳೆಗೂ ಅದೇ ಮೊಸರು. ಮದುವೆಯಾಗಿ ಬಂದಾಗ ಅತ್ತೆಯವರಿಂದ ಸಿಕ್ಕ ಹೆಪ್ಪು ಮಗಳ ಮನೆಗೂ ಹೋಗಿದೆ ಎಂದು ಹೆಮ್ಮೆಯಿಂದ ಹೇಳುವವರನ್ನು ನಾನು ಬಲ್ಲೆ. ತೊಳೆಯದೆ ತುಂಬಿಸುತ್ತಲೇ ಹೋಗುವ ಹತ್ತಿ ಡಬ್ಬಿಯೂ ಹೀಗೆಯೇ. ದಿನ ಕಳೆದಂತೆ ಸ್ಪಿರಿಟ್ ಆರಿ ತೆಳುವಾಗುತ್ತದೆ, ಬೆರಳುಗಳು ಬಂದು ಹೋಗುತ್ತವೆ, ಅದಕ್ಕೆ ಜಗ್ಗದ ಯಾವುದೋ ಒಂದು ಕ್ರಿಮಿ ತಳದಲ್ಲಿ ನಿಂತುಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಚುಚ್ಚುಮದ್ದಿನ ಕುರಿತು ಕೊಟ್ಟ ಮಾರ್ಗಸೂಚಿಯಲ್ಲಿ, ಹತ್ತಿಯನ್ನು ಮೊದಲೇ ನೆನೆಸಿ ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಇಟ್ಟುಕೊಳ್ಳಬಾರದೆಂದು ಸ್ಪಷ್ಟವಾಗಿ ಹೇಳಿದೆ. ಈ ಡಬ್ಬಿ ಅಕ್ಯುಪಂಕ್ಚರ್‌ನವರ ಆಸ್ತಿಯೇನಲ್ಲ. ನಾನು ಕಲಿಸಿದ ಆಸ್ಪತ್ರೆಯ ಇಂಜೆಕ್ಷನ್ ಕೋಣೆಯಲ್ಲಿಯೂ ಅದು ಇತ್ತು, ನಾನೇ ಎಷ್ಟೋ ವರ್ಷ ಅದನ್ನು ಕಂಡೂ ಕಾಣದವಳಂತೆ ದಾಟಿ ಹೋಗಿದ್ದೇನೆ. ನನ್ನ ಮೊಣಕಾಲಿಗೇ ಬಂದಾಗ ಕಣ್ಣು ತೆರೆಯಿತು.

ಇಂದು ನಾನು ಹೇಳಬೇಕಾದದ್ದೆಲ್ಲ ಆ ಡಬ್ಬಿಯ ಸುತ್ತಲೇ ಇದೆ. ಜನ ಹೆದರುವುದು ಸೂಜಿಗೆ. ಒಂದು ಕಾಲದಲ್ಲಿ ಆ ಹೆದರಿಕೆ ನ್ಯಾಯವಾದದ್ದೇ ಆಗಿತ್ತು. ಈಗ ಕಳ್ಳ ಮನೆ ಬದಲಿಸಿದ್ದಾನೆ, ಸೂಜಿಯ ನೆರೆಹೊರೆಯಲ್ಲಿ ಇದ್ದಾನೆ.

ಮೊದಲು ಆ ಹಳೆಯ ಹೆದರಿಕೆಯ ಕತೆ. ಅದು ಶುರುವಾಗುವುದು ಚೀನಾದ ಸೂಜಿ ಬೇರೆ ದೇಶಗಳಿಗೆ ದಾಟಿದ ದಾರಿಯಿಂದ. 1938ರಲ್ಲಿ ಭಾರತದಿಂದ ಐವರು ವೈದ್ಯರು ಚೀನಾಕ್ಕೆ ಹೋದರು, ಜಪಾನಿನ ದಾಳಿಗೆ ಸಿಕ್ಕ ದೇಶದ ಗಾಯಾಳುಗಳಿಗೆ ಚಿಕಿತ್ಸೆ ಕೊಡಲು. ಅವರಲ್ಲೊಬ್ಬರು ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್. ಕನ್ನಡ ಮನೆಮಾತಾಗಿರುವ ಓಣಿಗಳು ಇಂದಿಗೂ ಇರುವ ಊರು ಅದು; ನಮ್ಮ ಕಡೆಯವರೆಂದು ನಾವು ಸಲಿಗೆಯಿಂದ ಹೇಳಿಕೊಳ್ಳಬಹುದು. ಕೋಟ್ನಿಸ್ 1942ರ ಡಿಸೆಂಬರ್‌ನಲ್ಲಿ, 32ರ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಬಂಗಾಳದ ಬಿಜಯ್ ಕುಮಾರ್ ಬಸು ಹಿಂತಿರುಗಿ ಬಂದರು. 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತು ಕೋಲ್ಕತ್ತದಲ್ಲಿ ಆರಂಭಿಸಿದರು. ಭಾರತಕ್ಕೆ ಈ ವಿದ್ಯೆ ಬಂದದ್ದು ಹೀಗೆ, ಒಬ್ಬ ಅಲೋಪತಿ ವೈದ್ಯರ ಕೈಯಲ್ಲಿ.

ಪಶ್ಚಿಮಕ್ಕೆ ಅದು ನುಗ್ಗಿದ್ದು ಅಪೆಂಡಿಕ್ಸಿನ ದೆಸೆಯಿಂದ. 1971ರ ಜುಲೈಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜೇಮ್ಸ್ ರೆಸ್ಟನ್ ಬೀಜಿಂಗ್‌ನಲ್ಲಿದ್ದಾಗ ಅಪೆಂಡಿಕ್ಸ್ ತೆಗೆಸಿಕೊಳ್ಳಬೇಕಾಯಿತು. ಶಸ್ತ್ರಚಿಕಿತ್ಸೆಯ ನಂತರದ ಹೊಟ್ಟೆಯುಬ್ಬರಕ್ಕೆ ಅಲ್ಲಿನ ವೈದ್ಯರು ಸೂಜಿ ಚುಚ್ಚಿದರು. ಅವರು ಅದನ್ನು ತಮ್ಮ ಪತ್ರಿಕೆಯಲ್ಲಿ ಬರೆದರು. ಮರುವರ್ಷ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಹೋದರು. ಆ ಮೇಲೆ ಇಂಗ್ಲೆಂಡ್, ಅಮೆರಿಕಗಳ ಪೇಟೆಗಳಲ್ಲಿ ಅಕ್ಯುಪಂಕ್ಚರ್ ಫಲಕಗಳು ನೇತಾಡತೊಡಗಿದವು. ಸೂಜಿಗಳು ಆಗ ಬಾಳಿಕೆಯ ವಸ್ತುಗಳು. ಬಳಸುವುದು, ತೊಳೆಯುವುದು, ಯಾವುದೋ ದ್ರಾವಣದಲ್ಲಿ ಅದ್ದಿಡುವುದು, ಮತ್ತೆ ಬಳಸುವುದು.

1977ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ ಹೆಪಟೈಟಿಸ್ ಬಿ ಕಾಮಾಲೆಯ ರೋಗಿಗಳು ಒಬ್ಬೊಬ್ಬರಾಗಿ ಕಾಣಿಸಿಕೊಂಡರು. ಹುಡುಕುತ್ತಾ ಹೋದರೆ ದಾರಿಗಳೆಲ್ಲ ಒಬ್ಬನೇ ಸೂಜಿ ಚಿಕಿತ್ಸಕನ ಬಾಗಿಲಿಗೆ ಹೋಗಿ ನಿಂತವು. ಲೆಕ್ಕಕ್ಕೆ ಸಿಕ್ಕವರು 36 ಮಂದಿ. ಅಮೆರಿಕದ ರೋಡ್ ಐಲೆಂಡ್‌ನ 1984ರ ಪ್ರಕರಣ ಇನ್ನೂ ಕಲಿಸುವಂಥದ್ದು. ಒಂದೇ ಚಿಕಿತ್ಸಾಲಯದ 366 ರೋಗಿಗಳಲ್ಲಿ 35 ಮಂದಿಗೆ ಸೋಂಕು ತಗಲಿತ್ತು. ಯಾರಿಗೆ ಹೆಚ್ಚು ಸೂಜಿ ಚುಚ್ಚಿದ್ದರೋ ಅವರಿಗೆ ಸೋಂಕು ತಗಲಿದ ಪ್ರಮಾಣವೂ ಹೆಚ್ಚು. ತನಿಖೆ ಮಾಡುವವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇಲ್ಲೊಂದು ಪ್ರಶ್ನೆ ನಿಮ್ಮ ಮನಸ್ಸಿಗೆ ಬರಬೇಕು. ಅಕ್ಯುಪಂಕ್ಚರ್ ಸೂಜಿ ಇಂಜೆಕ್ಷನ್ ಸೂಜಿಯಂತೆ ಟೊಳ್ಳಲ್ಲ. ಕಾಲು ಮಿಲಿಮೀಟರ್ ದಪ್ಪದ ಗಟ್ಟಿ ತಂತಿ. ತೆಗೆದಾಗ ಎಷ್ಟೋ ಸಲ ಒಂದು ಹನಿ ರಕ್ತವೂ ಕಾಣುವುದಿಲ್ಲ. ಹಾಗಿರುವಾಗ ಕಾಮಾಲೆ ದಾಟಿದ್ದು ಹೇಗೆ? ಉತ್ತರ ಆ ವೈರಸ್ಸಿನ ಸ್ವಭಾವದಲ್ಲಿದೆ. ಸೋಂಕು ಜೋರಾಗಿರುವವರ ಒಂದು ಮಿಲಿಲೀಟರ್ ರಕ್ತದಲ್ಲಿ ಹತ್ತಾರು ಕೋಟಿ ವೈರಸ್ ಕಣಗಳಿರಬಹುದು. ಕಣ್ಣಿಗೆ ಕಾಣದಷ್ಟು ರಕ್ತವೂ ಅದಕ್ಕೆ ಸಾಕು. ಒಣಗಿದ ಮೇಲೂ ಅದು ಏಳು ದಿನ ಜೀವ ಹಿಡಿದುಕೊಂಡಿರುತ್ತದೆ. ಲಸಿಕೆ ಹಾಕಿಸಿಕೊಳ್ಳದ ಆಸ್ಪತ್ರೆ ಸಿಬ್ಬಂದಿಗೆ ಸೋಂಕಿತರ ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ನೂರಕ್ಕೆ 6ರಿಂದ 30. ಎಚ್‌ಐವಿಯ ವಿಷಯದಲ್ಲಿ ಅದು ಸಾವಿರಕ್ಕೆ 3. ನಮ್ಮ ಜನ ಎಚ್‌ಐವಿಗೆ ಹೆದರಿದಷ್ಟು ಇದಕ್ಕೆ ಹೆದರಲಿಲ್ಲ, ಲೆಕ್ಕ ಮಾತ್ರ ತಿರುವುಮುರುವು.

ಇನ್ನೊಂದು ಗುಣವೂ ಅದಕ್ಕಿದೆ. ಸೋಂಕು ತಗಲಿ ಕಾಯಿಲೆ ಕಾಣಿಸಲು ಒಂದೂವರೆ ತಿಂಗಳಿಂದ ಆರು ತಿಂಗಳು ಹಿಡಿಯುತ್ತದೆ. ಶ್ರಾವಣದಲ್ಲಿ ಸೊಂಟನೋವಿಗೆ ಸೂಜಿ ಹಾಕಿಸಿಕೊಂಡವರ ಕಣ್ಣು ದೀಪಾವಳಿಗೆ ಹಳದಿಯಾದರೆ ಅವರು ಎರಡನ್ನೂ ಜೋಡಿಸಿ ನೋಡುವುದಿಲ್ಲ. ಚಿಕಿತ್ಸಕರಿಗಂತೂ ಸುದ್ದಿಯೇ ಮುಟ್ಟುವುದಿಲ್ಲ. ‘ನನ್ನ ಮೂವತ್ತು ವರ್ಷದ ಅನುಭವದಲ್ಲಿ ಒಬ್ಬರಿಗೂ ಏನೂ ಆಗಿಲ್ಲ’ ಎಂದು ಅವರು ಹೇಳುವುದು ಸುಳ್ಳಲ್ಲ. ಆದದ್ದು ಅವರ ಬಳಿಗೆ ಮರಳಿ ಬಂದಿರುವುದಿಲ್ಲ, ಅಷ್ಟೆ.

ಲಂಡನ್ನಿನಲ್ಲಿ 1998ರಲ್ಲಿ ಬಯಲಾದ ಪ್ರಕರಣದಲ್ಲಿ ಸೂಜಿಯ ಮೇಲೆ ತಪ್ಪು ಹೊರಿಸಲು ಬರುವುದಿಲ್ಲ. ಅದೊಂದು ಪರ್ಯಾಯ ಚಿಕಿತ್ಸೆಯ ಕೇಂದ್ರ. ರೋಗಿಯದೇ ರಕ್ತ ತೆಗೆದು, ಸಲೈನ್ ಬೆರೆಸಿ, ಮತ್ತೆ ಅದೇ ರೋಗಿಗೆ ಚುಚ್ಚುತ್ತಿದ್ದರು. ಸಲೈನ್ ಬಾಟಲಿ ಮಾತ್ರ ಎಲ್ಲರಿಗೂ ಒಂದೇ. 57 ಮಂದಿಯ ರಕ್ತದಲ್ಲಿ ಒಂದೇ ವಂಶದ ಹೆಪಟೈಟಿಸ್ ಬಿ ವೈರಸ್ ಸಿಕ್ಕಿತು.

ಮೊದಲು ಹೇಳಿದ ಆ ಸೂಜಿಯ ಪ್ರಕರಣಗಳಿಂದ ಒಂದು ಒಳ್ಳೆಯದಾಯಿತು. ಒಮ್ಮೆ ಬಳಸಿ ಎಸೆಯುವ, ಕಾರ್ಖಾನೆಯಲ್ಲೇ ಕ್ರಿಮಿಶುದ್ಧವಾಗಿ ಪ್ಯಾಕಾಗಿ ಬರುವ ಸೂಜಿ ಬಂತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1996ರಲ್ಲಿ ಅಕ್ಯುಪಂಕ್ಚರ್ ಸೂಜಿಗೆ ವೈದ್ಯಕೀಯ ಸಾಧನವೆಂಬ ಮಾನ್ಯತೆ ಕೊಟ್ಟಾಗ ಹಾಕಿದ ಷರತ್ತುಗಳಲ್ಲಿ ‘ಒಮ್ಮೆ ಮಾತ್ರ’ ಎಂಬುದೂ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಅಕ್ಯುಪಂಕ್ಚರ್ ತರಬೇತಿ ಮತ್ತು ಸುರಕ್ಷತೆಯ ಮಾರ್ಗಸೂಚಿ ಪ್ರಕಟಿಸಿತು. ಬ್ರಿಟನ್ನಿನಲ್ಲಿ 574 ಚಿಕಿತ್ಸಕರು ಸೇರಿ 34,407 ಚಿಕಿತ್ಸೆಗಳ ಲೆಕ್ಕ ಇಟ್ಟು 2001ರಲ್ಲಿ ಪ್ರಕಟಿಸಿದ ವರದಿಯಲ್ಲಿ ಗಂಭೀರವಾದ ಒಂದು ಅನಾಹುತವೂ ಇರಲಿಲ್ಲ. ಅಲ್ಲಿ ಕುಳಿತಿರುವ ಚಿಕಿತ್ಸಕ ಮಿತ್ರರು ಈಗ ನಗಬಹುದು. ಶಿಸ್ತಿನ ಕೈಯಲ್ಲಿ ಇದು ಅಪಾಯ ಕಡಿಮೆಯಿರುವ ಚಿಕಿತ್ಸೆ, ಅದರಲ್ಲಿ ನನಗೆ ಅನುಮಾನವಿಲ್ಲ. ಗುಜರಾತಿನ ಮೊಡಾಸಾದಲ್ಲಿ 2009ರಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತಾಗ ತನಿಖೆ ಬೆರಳು ತೋರಿಸಿದ್ದು ಮತ್ತೆ ಮತ್ತೆ ಬಳಸಿದ ಇಂಜೆಕ್ಷನ್ ಸಿರಿಂಜುಗಳ ಕಡೆಗೆ. ಆ ಪಾಪ ಚೀನಾದ ಪದ್ಧತಿಯದಲ್ಲ.

ನಮ್ಮಲ್ಲಿ ಮಾತ್ರ ‘ಒಮ್ಮೆ’ ಎಂಬ ಪದಕ್ಕೆ ಹಿಗ್ಗುವ ಗುಣವಿದೆ. ಕೆಲವು ಕಡೆ ಪ್ರತಿ ರೋಗಿಯ ಹೆಸರು ಬರೆದ ಪುಟ್ಟ ಗಾಜಿನ ನಳಿಕೆಯಲ್ಲಿ ಅವರವರ ಸೂಜಿ ಇಟ್ಟಿರುತ್ತಾರೆ. ‘ನಿಮ್ಮ ಸೂಜಿ ನಿಮಗೇ’ ಎಂದು ಹೆಮ್ಮೆಯಿಂದ ತೋರಿಸುತ್ತಾರೆ. ಬಚ್ಚಲಲ್ಲಿ ಮನೆಮಂದಿಯ ಹಲ್ಲುಜ್ಜುವ ಬ್ರಷ್ ಇಟ್ಟ ಹಾಗೆ. ಒಂದೇ ಹೆಸರಿನ ಇಬ್ಬರು ಅದೇ ದಿನ ಬಂದರೆ ಏನಾಗುತ್ತದೆಂದು ನಾನು ಕೇಳಿದಾಗ ಒಬ್ಬರು ಗೊಳ್ಳೆಂದು ನಕ್ಕುಬಿಟ್ಟರು. ಹೆಸರು ತಪ್ಪದಿದ್ದರೂ, ಚುಚ್ಚಿ ತೆಗೆದ ಸೂಜಿಗೆ ನಮ್ಮದೇ ಚರ್ಮದ ಕ್ರಿಮಿ, ಅಂಗಾಂಶದ ಪಸೆ ಹತ್ತಿರುತ್ತದೆ. ಮುಚ್ಚಿದ ನಳಿಕೆಯಲ್ಲಿ ವಾರವಿಟ್ಟರೆ ಅದು ಅಲ್ಲಿ ಸುಮ್ಮನೆ ಕೂಡುವುದಿಲ್ಲ. ‘ಕುದಿಸ್ತೀವಿ’ ಎಂದರೂ ಉತ್ತರ ಪೂರ್ತಿಯಾಗದು. ನೂರು ಡಿಗ್ರಿಯ ಕುದಿನೀರಿಗೆ ಬೀಜಕಣ ರೂಪದ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಪ್ಯಾಸ್ಟರ್ ಪ್ರಯೋಗಾಲಯದ ಶಾಂಬರ್ಲಾನ್ 1879ರಲ್ಲಿ ಆಟೋಕ್ಲೇವ್ ಮಾಡಿದ್ದೇ ಅದಕ್ಕೆ. ಹಬೆಯನ್ನು ಒತ್ತಡದಲ್ಲಿಟ್ಟು 121 ಡಿಗ್ರಿಗೆ ಏರಿಸಬೇಕು. ನಮ್ಮ ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆಯುವುದೂ ಸರಿಸುಮಾರು ಅಲ್ಲಿಯೇ. ಹಾಗೆಂದು ಸೂಜಿಯನ್ನು ಬೇಳೆಯ ಜೊತೆ ಇಡಬೇಡಿ.

ಜಪಾನಿನ ಒಂದು ಪುಟ್ಟ ವಸ್ತುವಿನ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಹದಿನೇಳನೆಯ ಶತಮಾನದಲ್ಲಿ ಸುಗಿಯಾಮಾ ವಾಇಚಿ ಎಂಬ ಕುರುಡ ಚಿಕಿತ್ಸಕ ಇದ್ದ. ಕಣ್ಣಿಲ್ಲದ್ದರಿಂದ ತೆಳು ಸೂಜಿಯನ್ನು ನೆಟ್ಟಗೆ ಚುಚ್ಚುವುದು ಅವನಿಗೆ ಕೈಹತ್ತುತ್ತಿರಲಿಲ್ಲ. ಗುರು ಬೇಡವೆಂದು ಕಳಿಸಿಬಿಟ್ಟನಂತೆ. ಎನೋಶಿಮಾ ದ್ವೀಪದ ದೇಗುಲಕ್ಕೆ ಹೋಗಿ ಬರುವಾಗ ಎಡವಿ ಬಿದ್ದ. ಕೈಗೆ ಸಿಕ್ಕಿದ್ದು ಬಿದಿರ ನಳಿಕೆಯೊಳಗೆ ಹೊಕ್ಕ ಪೈನ್ ಮರದ ಸೂಜಿಯಂಥ ಎಲೆ. ಇದು ಐತಿಹ್ಯ. ಅವನು ಬಳಕೆಗೆ ತಂದ ನಳಿಕೆಯಂತೂ ನಿಜ, ಇಂದಿಗೂ ಪ್ರತಿ ಪ್ಯಾಕಿನಲ್ಲಿ ಪ್ಲಾಸ್ಟಿಕ್ಕಿನ ರೂಪದಲ್ಲಿ ಬರುತ್ತದೆ. ಸೂಜಿಯನ್ನು ನಳಿಕೆಯಲ್ಲಿಟ್ಟು ಹಿಡಿಕೆಯ ತುದಿಯನ್ನು ಬೆರಳಿನಿಂದ ಟಕ್ ಎಂದು ತಟ್ಟಿದರೆ ಆಯಿತು, ಚರ್ಮದೊಳಗೆ ಹೋಗುವ ಭಾಗವನ್ನು ಬೆರಳು ಮುಟ್ಟುವ ಪ್ರಸಂಗವೇ ಬರದು. ಕ್ರಿಮಿಯ ಸುಳಿವೇ ಇಲ್ಲದ ಕಾಲದಲ್ಲಿ, ಬೇರೆ ಯಾವುದೋ ಕಷ್ಟಕ್ಕೆ ಹುಡುಕಿದ ಪರಿಹಾರ ಮೂರು ಶತಮಾನಗಳ ನಂತರ ಸೋಂಕು ತಡೆಯಲು ಬಂತು. ನಳಿಕೆಯಿಲ್ಲದೆ ಉದ್ದ ಸೂಜಿ ಹಾಕುವವರು ಬಾಗದಿರಲೆಂದು ಸೂಜಿಯ ನಡುವನ್ನೇ ಬರಿಬೆರಳಲ್ಲಿ ಹಿಡಿಯುವುದನ್ನು ನೀವು ನೋಡಿರಬಹುದು. ಕಾರ್ಖಾನೆ ಕಷ್ಟಪಟ್ಟು ಕೊಟ್ಟ ಶುದ್ಧಿ ಆ ಒಂದು ಹಿಡಿತಕ್ಕೆ ಮುಗಿಯಿತು.

ಈಗ ಡಬ್ಬಿಗೆ ಬರೋಣ.

ಹೊಸ ಶತಮಾನದ ಆರಂಭದಲ್ಲಿ ಹಾಂಗ್‌ಕಾಂಗ್‌ನ ಸೂಕ್ಷ್ಮಜೀವಿ ತಜ್ಞರಾದ ಪ್ಯಾಟ್ರಿಕ್ ವೂ, ಯುವೆನ್ ಕ್ವೊಕ್‌ಯುಂಗ್ ಮತ್ತು ಅವರ ಸಂಗಡಿಗರಿಗೆ ವಿಚಿತ್ರ ರೋಗಿಗಳು ಸಿಗತೊಡಗಿದರು. ಸೂಜಿ ಹಾಕಿಸಿಕೊಂಡ ಜಾಗಗಳಲ್ಲಿ ವಾರಗಳ ನಂತರ ಕೆಂಪು ಗಂಟು, ಆಮೇಲೆ ಕೀವು, ಆಮೇಲೆ ಮಾಯದ ಹುಣ್ಣು. ಕೀವನ್ನು ಮಾಮೂಲಿ ರೀತಿಯಲ್ಲಿ ಬೆಳೆಸಿ ನೋಡಿದರೆ ಏನೂ ಬರದು. ಮಾಮೂಲಿ ಆಂಟಿಬಯೋಟಿಕ್‌ಗೂ ಜಗ್ಗದು. ಅದು ಕ್ಷಯದ ಕ್ರಿಮಿಯ ದೂರದ ದಾಯಾದಿ, ಮೈಕೋಬ್ಯಾಕ್ಟೀರಿಯಂ ಕುಲದ್ದು. ಆದರೆ ಮನುಷ್ಯರಿಂದ ಮನುಷ್ಯರಿಗೆ ಕೆಮ್ಮಿನಲ್ಲಿ ಹರಡುವುದಲ್ಲ. ನಲ್ಲಿ ನೀರಿನಲ್ಲಿ, ಮಣ್ಣಿನಲ್ಲಿ, ಪೈಪಿನ ಒಳಗೋಡೆಯ ಲೋಳೆಯಲ್ಲಿ ವಾಸ. ಇದಕ್ಕೆ ಮೇಣದಂಥ ಹೊದಿಕೆ ಇದೆ, ಮಳೆಗಾಲದಲ್ಲಿ ನಮ್ಮ ರೈತರು ಹೊದೆಯುವ ಕೊಪ್ಪೆಯ ಹಾಗೆ. ಕ್ರಿಮಿನಾಶಕ ಮೇಲಿನಿಂದ ಜಾರಿ ಹೋಗುತ್ತದೆ. ವೂ ಮತ್ತು ಯುವೆನ್ 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದಾಗ ಬೆರಳು ತೋರಿಸಿದ ವಸ್ತುಗಳನ್ನು ಕೇಳಿ: ಹತ್ತಿಯ ಉಂಡೆ, ಟವೆಲ್ಲು, ಬಿಸಿ ಶಾಖದ ಪ್ಯಾಕಿನ ಹೊದಿಕೆ, ಆ ಪ್ಯಾಕುಗಳನ್ನು ಕಾಯಿಸುವ ನೀರಿನ ತೊಟ್ಟಿ. ಪಟ್ಟಿಯಲ್ಲಿದ್ದದ್ದೆಲ್ಲ ಒದ್ದೆ ಸಾಮಾನು.

ಕೊರಿಯಾದಲ್ಲಿಯೂ ಹೀಗೆಯೇ ಆಯಿತು. 2001ರ ಡಿಸೆಂಬರ್‌ನಲ್ಲಿ ಸೋಲ್‌ನ ಆಸ್ಪತ್ರೆಯೊಂದಕ್ಕೆ ಇದೇ ಬಗೆಯ ಗಂಟುಗಳ ರೋಗಿಗಳು ಬಂದರು. ಎಲ್ಲರೂ ಒಂದೇ ಸಾಂಪ್ರದಾಯಿಕ ಚಿಕಿತ್ಸಾಲಯದವರು, ಎಣಿಸಿದರೆ 40 ಮಂದಿ. ತನಿಖೆ ಹೋಗಿ ನಿಂತದ್ದು ಗ್ಲುಟರಾಲ್ಡಿಹೈಡ್ ಎಂಬ ಕ್ರಿಮಿನಾಶಕದ ಪಾತ್ರೆಯ ಮುಂದೆ. ಶಾಖದ, ವಿದ್ಯುತ್ತಿನ ಉಪಕರಣಗಳನ್ನು ಶುದ್ಧಮಾಡಲು ಅದನ್ನು ನೀರು ಬೆರೆಸಿ ತೆಳುಮಾಡಿ ಇಟ್ಟುಕೊಂಡಿದ್ದರು. ಕ್ರಿಮಿಯನ್ನು ಕೊಲ್ಲಬೇಕಾದ ದ್ರಾವಣವೇ ಕ್ರಿಮಿಯ ತವರುಮನೆಯಾಗಿತ್ತು. ಟೊರಾಂಟೊದಲ್ಲಿ 2002ರಲ್ಲಿ ಅದೇ ಜಾತಿಯ ಕ್ರಿಮಿ ಒಂದು ಅಕ್ಯುಪಂಕ್ಚರ್ ಚಿಕಿತ್ಸಾಲಯದ 32 ರೋಗಿಗಳನ್ನು ಕಾಡಿತು.

ಸರ್ಜನ್ ಸಾಹೇಬರೆ, ಎಲೆ ಮುಂದಿಡಿ. ನಮ್ಮ ದೇಶದಲ್ಲಿ ಲ್ಯಾಪರೊಸ್ಕೋಪಿ ಹಳ್ಳಿ ಪಟ್ಟಣಗಳಿಗೆ ಇಳಿದಾಗ ಏನಾಯಿತು? ಪಿತ್ತಕೋಶ ತೆಗೆದು ಮೂರನೆಯ ದಿನ ಮನೆಗೆ ಕಳಿಸಿದ ರೋಗಿ ತಿಂಗಳ ನಂತರ ಹೊಕ್ಕುಳ ಬಳಿಯ ತೂತಿನಲ್ಲಿ ಗಂಟು, ಸೋರುವ ನೀರು ಎಂದು ಮರಳಿ ಬರುತ್ತಿದ್ದ. ನೀವು ಕೊಯ್ದು ತೊಳೆದು ಪಟ್ಟಿ ಕಟ್ಟಿದಿರಿ, ಮತ್ತೆ ಬಂದ. ಕೀವು ನನ್ನ ಮೇಜಿಗೆ ಬಂತು. ಎರಡು ದಿನ ನೋಡಿ ‘ಬೆಳವಣಿಗೆ ಇಲ್ಲ’ ಎಂದು ನಾನೂ ಬರೆದು ಕಳಿಸಿದೆ. ಒಂದು ವಾರ ಕಾದಿದ್ದರೆ ಕ್ರಿಮಿ ಬೆಳೆಸುವ ತಟ್ಟೆಯ ಮೇಲೆ ಅದೇ ಮೈಕೋಬ್ಯಾಕ್ಟೀರಿಯಂ ಕಾಣುತ್ತಿತ್ತು. ಉಪಕರಣಗಳನ್ನು ಒಂದು ರೋಗಿಗೂ ಇನ್ನೊಂದು ರೋಗಿಗೂ ನಡುವೆ ಗ್ಲುಟರಾಲ್ಡಿಹೈಡ್ ಟ್ರೇಯಲ್ಲಿ ಇಪ್ಪತ್ತು ನಿಮಿಷ ಅದ್ದಿ, ನಲ್ಲಿ ನೀರಲ್ಲಿ ತೊಳೆದು ಬಳಸುತ್ತಿದ್ದ ಕಾಲ ಅದು. ಬೀಜಕಣ ಸಾಯಲು ಆ ದ್ರಾವಣದಲ್ಲಿ ಹತ್ತು ಗಂಟೆ ಬೇಕು. ಹತ್ತು ಗಂಟೆ ಯಾರ ಹತ್ತಿರ ಇತ್ತು? ಹೊರಗೆ ಬೆಂಚಿನ ಮೇಲೆ ಇನ್ನೂ ನಾಲ್ಕು ಜನ ಉಪವಾಸ ಕುಳಿತಿದ್ದರು. ಈ ತಪ್ಪು ಸೂಜಿಯವರದಷ್ಟೇ ಕತ್ತಿಯವರದೂ, ತಟ್ಟೆಯವಳಾದ ನನ್ನದೂ.

ನನ್ನ ಅಜ್ಜಿ ಒದ್ದೆ ಸೀರೆಯುಟ್ಟು ಮಡಿಯಲ್ಲಿ ಅಡುಗೆ ಮಾಡುತ್ತಿದ್ದಳು. ಮಡಿಯ ಹೆಸರಿನಲ್ಲಿ ಮನುಷ್ಯರನ್ನು ಹೊಸ್ತಿಲಾಚೆ ನಿಲ್ಲಿಸಿದ ಕತೆ ನನಗೆ ಗೊತ್ತು, ಅದಕ್ಕೆ ನನ್ನಲ್ಲಿ ಕಿಂಚಿತ್ತೂ ಗೌರವವಿಲ್ಲ. ಆದರೆ ಆ ಆಚಾರದಲ್ಲೊಂದು ವ್ಯಾಕರಣವಿತ್ತು. ಮುಟ್ಟಿದ್ದು ದಾಟುತ್ತದೆ. ಮಡಿ ಸೌಟು ಮೈಲಿಗೆ ಕಟ್ಟೆಗೆ ತಾಗಿದರೆ ಸೌಟೂ ಮೈಲಿಗೆ. ಅಜ್ಜಿಗೆ ತನ್ನ ಕೈ ಎಲ್ಲೆಲ್ಲಿ ಹೋಯಿತೆಂಬ ಲೆಕ್ಕ ಸದಾ ಇರುತ್ತಿತ್ತು. ಆಪರೇಷನ್ ಥಿಯೇಟರ್‌ಗೆ ಹೊಸದಾಗಿ ಬಂದ ನರ್ಸಿಂಗ್ ಹುಡುಗಿಯರಿಗೆ ಕಲಿಸಲು ತಿಂಗಳು ಹಿಡಿಯುವುದು ಈ ಲೆಕ್ಕವೇ. ಅಜ್ಜಿಯ ಶಾಸ್ತ್ರಕ್ಕೆ ನನ್ನದೊಂದು ತಿದ್ದುಪಡಿ ಮಾತ್ರ: ಒದ್ದೆಯದು ಮೈಲಿಗೆ, ಒಣಗಿದ್ದು ಮಡಿ. ಹೆಪಟೈಟಿಸ್ ಬಿ ಈ ಸೂತ್ರಕ್ಕೆ ಅಪವಾದ ಎಂದು ಆಗಲೇ ಹೇಳಿದ್ದೇನೆ, ಯಾರೂ ಎದ್ದು ನಿಲ್ಲಬೇಡಿ. ಸ್ಪಿರಿಟ್ ಕೂಡ ಕೆಲಸ ಮಾಡುವುದು ಆರುತ್ತಾ ಹೋಗುವ ಆ ಅರ್ಧ ನಿಮಿಷದಲ್ಲಿ. ಒರೆಸಿದ ಮರುಕ್ಷಣವೇ ಚುಚ್ಚಿದರೆ ಉರಿ ಹೆಚ್ಚು, ಲಾಭ ಕಡಿಮೆ.

ಕೈಯ ಲೆಕ್ಕ ತಪ್ಪಿದ ಕತೆ ಆಸ್ಟ್ರೇಲಿಯಾದ ಪರ್ತ್ ನಗರದ್ದು. 2004ರಲ್ಲಿ ಅಲ್ಲಿನ ಎಂಟು ಮಂದಿಗೆ ಎಂಆರ್‌ಎಸ್‌ಎ ಎಂಬ ಹಟಮಾರಿ ಬ್ಯಾಕ್ಟೀರಿಯಾದ ಸೋಂಕಾಯಿತು, ಮೇಲ್ಮೈಯ ಹುಣ್ಣಲ್ಲ, ದೇಹದ ಆಳಕ್ಕಿಳಿದದ್ದು. ಎಂಟೂ ಜನ ಒಬ್ಬರೇ ವೈದ್ಯರಿಂದ ಅಕ್ಯುಪಂಕ್ಚರ್ ಅಥವಾ ಕೀಲಿನ ಇಂಜೆಕ್ಷನ್ ಪಡೆದವರು. ವೈದ್ಯರ ದೇಹದಲ್ಲಿ ಅದೇ ತಳಿ ಸಿಕ್ಕಿತು. ಅವರಿಗೆ ಏನೂ ಕಾಯಿಲೆ ಇರಲಿಲ್ಲ, ಅವರು ಬರೀ ವಾಹಕರು. ನಮ್ಮಲ್ಲಿ ಎಷ್ಟೋ ಮಂದಿಯ ಮೂಗಿನೊಳಗೆ ಸ್ಟ್ಯಾಫಿಲೊಕಾಕಸ್ ತಣ್ಣಗೆ ಕುಳಿತಿರುತ್ತದೆ. ಮೂಗು ಮುಟ್ಟಿದ ಕೈ, ಮೊಬೈಲ್ ಮುಟ್ಟಿದ ಕೈ, ಆಮೇಲೆ ಸೂಜಿ. ಕೈಗವಸು ಹಾಕಿಕೊಂಡು ಅದೇ ಕೈಯಲ್ಲಿ ಫೋನ್ ಎತ್ತುವವರನ್ನು ನೋಡಿದರೆ ನನಗೆ ಅಜ್ಜಿ ನೆನಪಾಗುತ್ತಾಳೆ. ಅವಳಾಗಿದ್ದರೆ ಸೌಟಿನಿಂದಲೇ ಹೊಡೆದಿರುತ್ತಿದ್ದಳು.

ಕಿವಿಯ ಬಗ್ಗೆ ಎರಡೇ ಮಾತು. ಕಿವಿಯಲ್ಲಿ ಪುಟ್ಟ ಮೊಳೆಯಂಥ ಸೂಜಿ ಚುಚ್ಚಿ, ಪಟ್ಟಿ ಅಂಟಿಸಿ ದಿನಗಟ್ಟಲೆ ಬಿಡುವ ಪದ್ಧತಿಯಿದೆ. ಕಿವಿಯ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಸ್ಯೂಡೊಮೊನಾಸ್ ಎಂಬ ಕ್ರಿಮಿ, ಇದೂ ನೀರಿನದೇ, ಅಲ್ಲಿ ಹೊಕ್ಕರೆ ಕಿವಿ ಮುರುಟಿ ಹೋಗುವವರೆಗೂ ಬಿಡದು. ಹಾಲೆಗಿಂತ ಮೇಲೆ ಕಿವಿ ಚುಚ್ಚಿಸಿಕೊಳ್ಳುವ ಮೊಮ್ಮಕ್ಕಳಿಗೂ ಇದನ್ನು ಹೇಳಿ. ಕೃತಕ ಹೃದಯ ಕವಾಟ ಇರುವವರಿಗೆ ಇಂಥ ಸೂಜಿಯಿಂದ ಕವಾಟಕ್ಕೇ ಸೋಂಕು ಹೋದ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಅವರು ಈ ಪದ್ಧತಿಯಿಂದ ದೂರವಿರುವುದು ಮೇಲು.

ಸೂಜಿ ಹೋದ ಮೇಲಿನ ಕತೆಯನ್ನು ಯಾರೂ ಕೇಳುವುದಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ನಮ್ಮ ಮನೆಯ ಹಿಂದಿನ ಓಣಿಯ ಹೆಣ್ಣುಮಗಳೊಬ್ಬಳು ಇಂಥದೇ ಒಂದು ಸೂಜಿ ಚಿಕಿತ್ಸಾಲಯದಲ್ಲಿ ಕಸ ಗುಡಿಸುತ್ತಿದ್ದಳು. ಒಂದು ಸಂಜೆ ಬಂದು ಬೆರಳು ತೋರಿಸಿದಳು. “ಅಕ್ಕಾರ, ಟವೆಲ್ ಕೊಡವಿದೆ ನೋಡ್ರಿ, ಸೂಜಿ ಚುಚ್ಚಿತು. ಸಣ್ಣ ಸೂಜಿ, ಸೊಳ್ಳಿ ಕಡದಂಗಾತು ಅಷ್ಟ.” ಅದು ಯಾರಿಗೆ ಚುಚ್ಚಿದ ಸೂಜಿ ಎಂದು ಕೇಳಲು ಹೋದೆ. ನಾಲ್ಕು ಮಂಚದ ಟವೆಲ್ಲು ಒಂದೇ ಬುಟ್ಟಿಯಲ್ಲಿತ್ತು. ಹಾಕಿದ ಸೂಜಿ ಎಷ್ಟು, ತೆಗೆದದ್ದೆಷ್ಟು ಎಂದು ಯಾರೂ ಎಣಿಸಿರಲಿಲ್ಲ. ಅವಳಿಗೆ ಹೆಪಟೈಟಿಸ್ ಬಿ ಲಸಿಕೆ ಆಗಿರಲಿಲ್ಲ. ಭಾರತದಲ್ಲಿ ಮಕ್ಕಳಿಗೆ ಅದು ದೇಶಾದ್ಯಂತ ಬಂದದ್ದೇ 2011ರ ಹೊತ್ತಿಗೆ. ಅವಳ ವಯಸ್ಸಿನವರು ತಾವಾಗಿ ಹಾಕಿಸಿಕೊಂಡರೆ ಉಂಟು. ಮೊದಲ ಡೋಸ್ ಅಂದೇ ಹಾಕಿಸಿದೆವು. ಒಂದು ತಿಂಗಳಿಗೆ, ಆರು ತಿಂಗಳಿಗೆ ಮತ್ತೆರಡು. ಆ ಆರು ತಿಂಗಳು ಅವಳು ನಿಶ್ಚಿಂತೆಯಿಂದಿದ್ದಳು, ನನಗೆ ನಿದ್ದೆ ಬರಲಿಲ್ಲ. ಅವಳಿಗೆ ಏನೂ ಆಗಲಿಲ್ಲ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಚೂಪಾದ ಲೋಹದ ವಸ್ತುಗಳು ಹೋಗಬೇಕಾದದ್ದು ಚುಚ್ಚಿದರೂ ತೂತಾಗದ ಬಿಳಿಯ ಡಬ್ಬಿಗೆ. ಆಯುಷ್ ಆಸ್ಪತ್ರೆಗಳೂ ಸಣ್ಣ ಚಿಕಿತ್ಸಾಲಯಗಳೂ ಇದರಿಂದ ಹೊರತಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರ್‌ಗೆ ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂಬ ಮಾನ್ಯತೆ ಕೊಟ್ಟಿದೆ. ಪಶ್ಚಿಮ ಬಂಗಾಳ 1996ರಲ್ಲಿಯೇ, ಮಹಾರಾಷ್ಟ್ರ ಆಮೇಲೆ, ಅದಕ್ಕಾಗಿಯೇ ಕಾಯಿದೆ ಮಾಡಿದವು. ನಮ್ಮ ರಾಜ್ಯದ ಪ್ರಕೃತಿ ಚಿಕಿತ್ಸಾ ಕಾಲೇಜುಗಳ ಪದವಿಯಲ್ಲಿ ಅಕ್ಯುಪಂಕ್ಚರ್ ಒಂದು ಪಾಠ. ಅಲ್ಲಿ ಓದಿ ಬಂದವರಿಗೆ ಕ್ರಿಮಿಶಾಸ್ತ್ರದ ಅಡಿಪಾಯವೂ ಸಿಕ್ಕಿರುತ್ತದೆ. ವಾರಾಂತ್ಯದ ಶಿಬಿರದಲ್ಲಿ ಪ್ರಮಾಣಪತ್ರ ಪಡೆದು ಮನೆಯ ಮುಂದಿನ ಕೋಣೆಯಲ್ಲಿ ಮಂಚ ಹಾಕಿದವರಿಗೆ ಅದನ್ನು ಯಾರು ಕೊಟ್ಟಿದ್ದಾರೆ? ಬಿಂದುಗಳ ಹೆಸರು ಅವರಿಗೆ ಬಾಯಿಪಾಠವಾಗಿರುತ್ತದೆ. ಬಿಳಿ ಡಬ್ಬಿ ಎಲ್ಲಿ ಸಿಗುತ್ತದೆ, ತುಂಬಿದ ಮೇಲೆ ಯಾರು ಒಯ್ಯುತ್ತಾರೆ ಎಂದು ಕೇಳಿ ನೋಡಿ.

ಮಂಚದ ಮೇಲೆ ಮಲಗುವವರಿಗೂ ಕೆಲಸವಿದೆ. ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಮಾತ್ರೆ, ರಕ್ತ ತೆಳುಮಾಡುವ ಔಷಧ ಇದ್ದರೆ ಕೇಳುವ ಮೊದಲೇ ಹೇಳಿ. ಸೂಜಿ ಹಾಕಿದ ಜಾಗದಲ್ಲಿ ಮರುದಿನದ ಕೆಂಪಿಗೆ ಗಾಬರಿಯಾಗಬೇಡಿ. ಮೂರು ವಾರ, ಆರು ವಾರ ಕಳೆದ ಮೇಲೆ ಗಂಟು ಎದ್ದರೆ ಅದನ್ನು ಕುರುವೆಂದು ಬಗೆದು ಅರಿಶಿನ ಮೆತ್ತಿ ಕೂರಬೇಡಿ. ವೈದ್ಯರ ಬಳಿ ಹೋಗಿ, ‘ಇಲ್ಲಿ ಸೂಜಿ ಹಾಕಿಸಿದ್ದೆ’ ಎಂದು ಹೇಳಿ. ನಮ್ಮ ಜನ ಅಲೋಪತಿಯವರೆದುರು ಸೂಜಿ ಚಿಕಿತ್ಸೆಯ ವಿಷಯ ಮುಚ್ಚಿಡುತ್ತಾರೆ, ಬಯ್ಯುತ್ತಾರೆಂಬ ಅಂಜಿಕೆಯಿಂದ. ಬಯ್ಯುವವರೂ ಇದ್ದಾರೆ, ಮುಂದಿನ ಸಾಲಿನಲ್ಲಿ. ಆದರೆ ಆ ಒಂದು ವಾಕ್ಯ ಕಿವಿಗೆ ಬಿದ್ದರೆ ಪ್ರಯೋಗಾಲಯದವರು ತಟ್ಟೆಯನ್ನು ಎರಡನೆಯ ದಿನ ಎಸೆಯದೆ ಇನ್ನೊಂದು ವಾರ ಕಾಯುತ್ತಾರೆ. ಕಾರಣ ಗೊತ್ತಾದರೆ ತಿಂಗಳುಗಟ್ಟಲೆ ಔಷಧ ನುಂಗಬೇಕಾದರೂ ಹುಣ್ಣು ಮಾಯುತ್ತದೆ.

ನನ್ನ ಮೊಣಕಾಲು? ಹತ್ತು ಸಲ ಹೋದೆ. ನೋವು ಸ್ವಲ್ಪ ಕಡಿಮೆಯಾಯಿತು. ಸೂಜಿಯಿಂದಲೋ, ದಿನಾ ಅಲ್ಲಿಯವರೆಗೆ ನಡೆದದ್ದರಿಂದಲೋ ತಿಳಿಯದು. ಎರಡನೆಯ ಭೇಟಿಯಲ್ಲಿ ಆ ಹುಡುಗಿಗೆ ಹೆಪ್ಪಿನ ಕತೆ ಹೇಳಿದ್ದೆ. ಅವಳು ಮೊದಲು ನಕ್ಕಳು, ಆಮೇಲೆ ಡಬ್ಬಿಯನ್ನು ಮೂಸಿ ನೋಡಿದಳು. ಐದನೆಯ ಸಲ ಹೋದಾಗ ಡಬ್ಬಿ ಇರಲಿಲ್ಲ. ಒಂದೊಂದಾಗಿ ಹರಿದು ಬಳಸುವ ಸ್ಪಿರಿಟ್ ಪಟ್ಟಿಯ ಪೆಟ್ಟಿಗೆ ಬಂದಿತ್ತು. “ದಿನಕ್ಕ ಐವತ್ತು ಬೇಕಾಗ್ತಾವ್ರಿ, ಡಾಕ್ಟರ್ ಖರ್ಚಾತು ಅಂತಾರ” ಎಂದು ಹೇಳುತ್ತಲೇ ಒಂದನ್ನು ಹರಿದು ಮೊಣಕಾಲು ಒರೆಸಿದಳು, ಆರಲು ಬಿಟ್ಟಳು. ನನಗೆ ಸಂತೋಷವಾಯಿತು. ಸೂಜಿ ತೆಗೆದಾದ ಮೇಲೆ ಶಾಖ ಕೊಡಲು ಬಿಸಿ ಪ್ಯಾಕು ತಂದಳು. ಅದರ ಹೊದಿಕೆ ಒದ್ದೆಯಾಗಿತ್ತು. ಹಿಂದಿನ ರೋಗಿಯ ಬೆನ್ನಿನಿಂದ ಎತ್ತಿ ತಂದದ್ದು, ಇನ್ನೂ ಬೆಚ್ಚಗಿತ್ತು.

“ಇದನ್ನ ಯಾವಾಗ ತೊಳಿತೀಯವ್ವಾ?” ಎಂದು ಕೇಳಿದೆ.